ಗುಡ್ಡದ ಮೇಲಿನ ಜಾಗ

"ಎಡಕ್ಕೆ ತಗೊಳ್ಳಿ, ಎಡಕ್ಕೆ! ತಲೆ ಕಡೆ ಸ್ವಲ್ಪ ಎತ್ತಿ!"

ಮೆಟ್ಟಿಲಿನ ತಿರುವಿನಲ್ಲಿ ಶವಪೆಟ್ಟಿಗೆ ಸಿಕ್ಕಿಕೊಂಡಿತ್ತು. ಪಕ್ಕದ ಮನೆಯ ಕ್ಷೌರಿಕ ಕೆಳಗಿನಿಂದ ಭುಜ ಕೊಟ್ಟು ನಿಂತಿದ್ದ. ವ್ಯಾನಿನ ಡ್ರೈವರ್ ಮೇಲಿನಿಂದ ಹಿಡಿದುಕೊಂಡಿದ್ದ.

"ಆಳೆತ್ತರದ ಗಾಜು ಹೊತ್ಕೊಂಡು ಇದೇ ಮೆಟ್ಟಿಲು ಇಳೀತಿದ್ದ ಮಹಾರಾಯ. ಒಂದು ಗೀರು ಬಿದ್ದಿದ್ದು ನಾನು ನೋಡಿಲ್ಲ," ಕ್ಷೌರಿಕ ಏದುಸಿರು ಬಿಡುತ್ತ ಹೇಳಿದ. "ಇವನೊಬ್ಬನನ್ನ ಇಳಿಸೋಕೆ ನಮಗೆ ಇಷ್ಟು ಒದ್ದಾಟ."

ಹಿಂದೆ ಸತ್ತವನ ಹೆಂಡತಿ ಇಳಿಯುತ್ತಿದ್ದಳು. ತೋಳು ಹಿಡಿದಿದ್ದ ಮಗಳ ಕೈ ತಣ್ಣಗಿತ್ತು. ಹುಡುಗಿ ಒಂದರ ಮೇಲೊಂದು ಎರಡು ಜೊತೆ ಬಟ್ಟೆ ತೊಟ್ಟಿದ್ದಳು. ಮೇಲೆ ಹೊದ್ದ ಕಪ್ಪು ಶಾಲಿನಲ್ಲಿ ಅದು ಕಾಣುತ್ತಿರಲಿಲ್ಲ. ಆದರೂ ಎದುರಿಗೆ ಬಂದವರೆಲ್ಲ ಅದನ್ನೇ ನೋಡುತ್ತಿದ್ದಾರೆ ಎಂದು ತಾಯಿಗೆ ಅನ್ನಿಸುತ್ತಿತ್ತು.

ಬಾಗಿಲ ಬಳಿ ಬಡಾವಣೆಯ ಮುಖಂಡ ಕಾದಿದ್ದ. ಬೀದಿಯಲ್ಲಿ ಯಾರು ಬಂದರು, ಯಾರು ಹೋದರು, ಯಾರ ಮನೆಯಲ್ಲಿ ಯಾರು ಪಿಸುಗುಟ್ಟಿದರು ಎಂಬುದನ್ನು ಮೇಲಿನವರಿಗೆ ತಲುಪಿಸುವುದು ಅವನ ಕೆಲಸ. ಅವನು ಗಂಟಲು ಸರಿಮಾಡಿಕೊಂಡ.

"ಮನುಷ್ಯ ಅಂದ್ರೆ ನಮ್ಮ ಗಾಜಣ್ಣನ ಹಾಗಿರ್ಬೇಕು. ಊರಿಗೆ ಊರೇ ಗಂಟುಮೂಟೆ ಕಟ್ಟಿದಾಗ ಇವನು ಕದಲಲಿಲ್ಲ. ಹುಟ್ಟಿದ ನಾಡನ್ನ ಬಿಟ್ಟು ಎಲ್ಲಿಗ್ರಿ ಹೋಗೋದು ಅಂತ ಎಲ್ಲರ ಮುಂದೆ ಹೇಳ್ತಿದ್ದ. ಕೇಳಿಸ್ಕೊಳ್ಳಿ, ಹೋಗ್ಬೇಕು ಅಂತ ಮನಸ್ಸಲ್ಲಿ ಇಟ್ಕೊಂಡೋರು ಕೇಳಿಸ್ಕೊಳ್ಳಿ."

ನೆರೆದವರು ನೆಲ ನೋಡಿದರು. ಮುಖಂಡ ಮಗಳ ಹತ್ತಿರ ಬಂದು ದನಿ ತಗ್ಗಿಸಿದ. "ಆಸ್ಪತ್ರೆಯವರು ನಿನ್ನ ವಿಷಯ ಕೇಳ್ತಿದ್ರಮ್ಮ. ಇವತ್ತು ಬೇಡ, ದುಃಖದಲ್ಲಿದ್ದೀಯ. ನಾಳೆ ಕಚೇರಿಗೆ ಬಾ."

ಮಗಳು ನರ್ಸು. ಗುಂಡು ತಗಲಿದ ಯಾರಿಗೋ ಹೊಲಿಗೆ ಹಾಕಿದರೆಂದು ಅವಳ ಜೊತೆಯ ಇಬ್ಬರನ್ನು ವಾರ್ಡಿನಿಂದಲೇ ಕರೆದೊಯ್ದಿದ್ದರು. ಅವರಿಗೂ ಕಚೇರಿಗೆ ಬನ್ನಿ ಎಂದಷ್ಟೇ ಹೇಳಿದ್ದರು. ಹಿಂದಿರುಗಿರಲಿಲ್ಲ.

*

ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದಾಗ ಗಾಜಣ್ಣ ಒಮ್ಮೆ ಊರು ಬಿಟ್ಟಿದ್ದ. ಅದು ಬೀದಿಯವರಿಗೆ ಗೊತ್ತಿರಲಿಲ್ಲ.

ಗಂಡ, ಹೆಂಡತಿ, ಮಗು, ಒಂದು ಚೀಲ. ಗಡಿಯ ಸೇತುವೆಯ ಮೇಲೆ ಜನ ಇಂಚಿಂಚಾಗಿ ಸರಿಯುತ್ತಿದ್ದರು. ಆಚೆ ದಡದಲ್ಲಿ ಅಂಗಡಿಗಳ ಬಾಗಿಲು ತೆರೆದಿದ್ದವು, ಒಬ್ಬ ಹೆಂಗಸು ಬಟ್ಟೆ ಒಣಹಾಕುತ್ತಿದ್ದಳು. ಅವಳ ಮನೆಯ ಕಿಟಕಿಗಳನ್ನೇ ನೋಡುತ್ತ ಗಾಜಣ್ಣ, "ಒಂದೂ ಒಡೆದಿಲ್ಲ ಕಣೇ. ಇಲ್ಲಿ ನನಗೆ ಯಾರು ಕೆಲಸ ಕೊಡ್ತಾರೆ?" ಎಂದು ನಗಿಸಲು ನೋಡಿದ. ನಮ್ಮೂರು ಕೆಟ್ಟಷ್ಟೂ ನನ್ನ ಹೊಟ್ಟೆ ತಣ್ಣಗೆ ಎನ್ನುವುದು, ಒಡೆದ ಕಿಟಕಿಗಳಿಗೆ ಗಾಜು ಕೂರಿಸಿ ಬದುಕುವ ಅವನ ಹಳೆಯ ತಮಾಷೆ.

ಅಷ್ಟರಲ್ಲಿ ಮುಂದಿದ್ದವನನ್ನು ಸೈನಿಕರು ಪಕ್ಕಕ್ಕೆ ಎಳೆದರು. ಅವನು ಕೂಗಲಿಲ್ಲ. ಕಂಬಿಯ ಹಿಂದೆ ಅವನ ಚಪ್ಪಲಿ ಮಾತ್ರ ಕಾಣುತ್ತಿತ್ತು. ಗಾಜಣ್ಣನ ಮುಖ ಸುಣ್ಣವಾಯಿತು. ಪ್ಯಾಂಟು ಒದ್ದೆಯಾದದ್ದು ಅವನಿಗೆ ತಿಳಿದಂತಿರಲಿಲ್ಲ. ಮಗುವನ್ನು ಎತ್ತಿಕೊಂಡು, ಹೆಂಡತಿಯ ರಟ್ಟೆ ಹಿಡಿದು, ಹಿಂದೆ ತಿರುಗಿ ನಡೆದುಬಿಟ್ಟ.

ಬೀದಿಗೆ ಬಂದಾಗ ಯಾರೋ ಕೇಳಿದರು: "ಎಲ್ಲಿಗೆ ಹೋಗಿದ್ರಿ ಸಾಮಾನು ಸಮೇತ?"

"ನಂಟರ ಮನೆಗೆ. ಹುಟ್ಟಿದ ನಾಡನ್ನ ಬಿಟ್ಟು ಇನ್ನೆಲ್ಲಿಗ್ರಿ ಹೋಗೋದು?"

ಅಂದು ಹೆದರಿ ಆಡಿದ ಮಾತು. ಜನ ಮೆಚ್ಚಿದರು, ಮುಖಂಡ ಬೆನ್ನು ತಟ್ಟಿದ. ಆಮೇಲೆ ಅದನ್ನು ಹೇಳುತ್ತಲೇ ಇರಬೇಕಾಯಿತು. ಕೊನೆಕೊನೆಗೆ ಅವನು ಅದನ್ನು ನಂಬಿದನೋ ಇಲ್ಲವೋ, ಹೆಂಡತಿ ಕೇಳಲಿಲ್ಲ.

*

ವ್ಯಾನು ಊರ ಹೊರಗಿನ ಗುಡ್ಡದ ಕಡೆ ಹೊರಟಿತು. ತಪಾಸಣೆಯ ಕಟ್ಟೆಯಲ್ಲಿ ಸೈನಿಕನೊಬ್ಬ ಪೆಟ್ಟಿಗೆಯ ಮುಚ್ಚಳ ಎತ್ತಿಸಿ, ಸತ್ತವನ ಕೆನ್ನೆಯನ್ನು ಬೆರಳಿನಿಂದ ಒತ್ತಿ ನೋಡಿದ. ಒಳಗೆ ಕೂತವರ ತಲೆಯನ್ನೂ ಎಣಿಸಿದ. "ಕತ್ತಲಾಗೋದ್ರೊಳಗೆ ಇಷ್ಟೂ ಜನ ವಾಪಸ್ ಬರ್ಬೇಕು."

ಕಟ್ಟೆ ದಾಟಿದ ಮೇಲೆ ದೂರಕ್ಕೆ ಗಡಿಯಾಚೆಯ ನೆಲ ಕಂಡಿತು.

"ನಾನು ಆ ಕಡೆ ಹೋಗಿ ದುಡಿದು ಬಂದೋನು," ಡ್ರೈವರ್ ಹೇಳಿದ. "ಸ್ವರ್ಗ ಏನಲ್ಲ. ನಮ್ಮನ್ನ ಕಂಡ್ರೆ ಮೂಗು ಮುರೀತಾರೆ. ಬಾಡಿಗೆಗೆ ರೂಮು ಕೊಡಲ್ಲ."

"ಮತ್ತೆ? ಬೈಸ್ಕೊಳ್ಳೋದಾದ್ರೆ ನಮ್ಮ ಭಾಷೇಲೇ ಬೈಸ್ಕೊಳ್ಳೋಣ, ಅರ್ಥನಾದ್ರೂ ಆಗುತ್ತೆ," ಕ್ಷೌರಿಕ ಅಂದ.

"ಆದ್ರೆ ಅಲ್ಲಿ ನಿದ್ದೆ ಬರ್ತಿತ್ತು ಕಣಣ್ಣ," ಡ್ರೈವರ್ ಮೆಲ್ಲಗೆ ಹೇಳಿದ. "ಬಾಗಿಲು ತಟ್ಟಿದ್ರೆ ಹಾಲಿನೋನೋ ಪಕ್ಕದ್ಮನೆಯೋನೋ ಇರ್ತಿದ್ದ. ಅಷ್ಟೇ."

ಅಷ್ಟು ಹೇಳಿದ್ದೇ ಹೆಚ್ಚಾಯಿತೇನೋ ಎಂಬಂತೆ ಡ್ರೈವರ್ ಹಿಂದೆ ತಿರುಗಿ ಎಲ್ಲರ ಮುಖ ನೋಡಿದ.

*

ಎದೆನೋವು ಮೊದಲ ಬಾರಿ ಬಂದ ಮೇಲೆ ಗಾಜಣ್ಣ ಹೆಂಡತಿಗೆ ಒಂದು ಮಾತು ಹೇಳಿದ್ದ. ಆಗ ಅವನು ಚೌಕಟ್ಟೊಂದಕ್ಕೆ ಗಾಜಿನ ಅಂಚು ಉಜ್ಜುತ್ತಿದ್ದ.

"ನಾನು ಹೋದ್ರೆ ಗುಡ್ಡದ ಮೇಲೆ ಹೂಳಿ."

"ನಿಮ್ಮ ಅಪ್ಪ, ತಾತ ಎಲ್ಲಾ ಇಲ್ಲೇ ಊರೊಳಗೆ ಮಲಗಿಲ್ವಾ? ಅಲ್ಲೇನಿದೆ, ಗಾಳಿ!"

"ಅಲ್ಲೇ ಬೇಕು." ಉಜ್ಜುವ ಕೈ ನಿಲ್ಲಲಿಲ್ಲ. "ಹೆಣ ಹೊತ್ತ ಗಾಡೀನ ಸೈನಿಕರು ವಾಪಸ್ ಕಳಿಸಲ್ಲ. ಗುಡ್ಡದ ಹಿಂಭಾಗ ಇಳಿದ್ರೆ ಹಳ್ಳ, ಹಳ್ಳ ದಾಟಿದ್ರೆ ಗಡಿಯಾಚೆ ನೆಲ. ಗೋರಿ ತೋಡೋನು ನನ್ನ ಸ್ನೇಹಿತ, ಅವನಿಗೆ ಹೇಳಿದ್ದೀನಿ." ಆಮೇಲೆ ಅವಳ ಮುಖ ನೋಡದೆ ಸೇರಿಸಿದ: "ಆವತ್ತು ನನಗೆ ಕಾಲು ಬರಲಿಲ್ಲ ಕಣೇ. ನನ್ನಿಂದ ಮಗಳು ಇಲ್ಲಿ ಸಿಕ್ಕಾಕ್ಕೊಂಡ್ಳು."

*

ಮಣ್ಣು ಹಾಕಿ ಮುಗಿಯಿತು. ಕ್ಷೌರಿಕ ಕೊನೆಯ ಹಿಡಿ ಹಾಕಿ, ಬೇಕೆಂದೇ ಡ್ರೈವರನನ್ನು ಮಾತಿಗೆಳೆದು ವ್ಯಾನಿನತ್ತ ನಡೆದ. ಹೆಂಡತಿಯೊಡನೆ ಕಾದಿದ್ದ ಗೋರಿ ತೋಡುವವನು ಗುದ್ದಲಿ ಊರಿ, ಗುಡ್ಡದ ಹಿಂಭಾಗಕ್ಕೆ ಗದ್ದ ತೋರಿಸಿದ.

"ಹೊತ್ತಿಲ್ಲ ಮಗಳೇ. ನಾನು ಹಳ್ಳದವರೆಗೆ ಬರ್ತೀನಿ."

"ಅಮ್ಮ, ನೀನೂ ಬಾ," ಮಗಳು ಎರಡೂ ಕೈ ಹಿಡಿದಳು. "ನಿನ್ನ ಬಿಟ್ಟು ಅಲ್ಲಿ ಹೋಗಿ ಏನು ಮಾಡ್ಲಿ? ಅಪ್ಪ ಹೇಳ್ತಿದ್ದ ಹಾಗೆ ಹುಟ್ಟಿದ ನಾಡನ್ನ ಬಿಟ್ಟು ಎಲ್ಲಿಗೆ ಹೋಗೋದು ಅಂತ ಇದ್ಬಿಡ್ತೀನಿ."

"ಅಪ್ಪ ಹೆದರಿ ಹೇಳಿದ್ದು ಕಣೇ ಅದು!" ತಾಯಿ ಕೈ ಬಿಡಿಸಿಕೊಂಡಳು. "ಇಬ್ಬರೂ ಹೋದ್ರೆ ಕಟ್ಟೆಯಲ್ಲೇ ಗೊತ್ತಾಗುತ್ತೆ. ನಾಯಿ ಬಿಡ್ತಾರೆ. ಬೆಳಗಾಗೋವರೆಗೂ ಮನೇಲಿ ದೀಪ ಉರೀಬೇಕು, ಹೋಗು."

ಮಗಳ ಕಪ್ಪು ಶಾಲನ್ನು ತಾನೇ ಎಳೆದು ತೆಗೆದಳು. ಎಣಿಕೆಯಲ್ಲಿ ಮಗಳ ಜಾಗ ತುಂಬಲು ಗೋರಿ ತೋಡುವವನ ಹೆಂಡತಿ ಅದನ್ನು ತಲೆತುಂಬ ಹೊದ್ದುಕೊಂಡಳು. ಮಗಳು ಕಲ್ಲುಗಳ ನಡುವೆ ಇಳಿದು ಹೋದದ್ದನ್ನು ತಾಯಿ ನೋಡಲಿಲ್ಲ. ನೋಡಿದರೆ ಕೂಗಿ ಕರೆದುಬಿಡುತ್ತೇನೆಂಬ ಭಯ.

ವ್ಯಾನಿನೊಳಗೆ ಶಾಲು ಹೊದ್ದವಳ ಒರಟು, ಮಣ್ಣು ಮೆತ್ತಿದ ಪಾದಗಳನ್ನು ಡ್ರೈವರ್ ಕಂಡ. ಅವನು ಕನ್ನಡಿಯನ್ನು ಚಾವಣಿಯ ಕಡೆ ತಿರುಗಿಸಿ ಗಾಡಿ ಹೊರಡಿಸಿದ.

ಕಟ್ಟೆಯಲ್ಲಿ ಸೈನಿಕ ಬಾಗಿಲು ತೆರೆದದ್ದೇ ತಡ, ಗೋರಿ ತೋಡುವವನ ಹೆಂಡತಿ ಮುಖ ಮುಚ್ಚಿಕೊಂಡು "ಅಪ್ಪಾ!" ಎಂದು ಬೊಬ್ಬೆಯಿಟ್ಟಳು. ದಿನಾ ಅಳುವವರನ್ನು ಕಂಡು ಪಳಗಿದ ಅಳು ಅದು. ಸೈನಿಕ ಮುಖ ಕಿವುಚಿ ಬಾಗಿಲು ಹಾಕಿದ. ಮಾರುಕಟ್ಟೆಯ ತಿರುವಿನಲ್ಲಿ, ಶಾಲು ಹೊದ್ದವಳು ತನ್ನ ತಂಗಿಯ ಮನೆಗೆಂದು ಇಳಿದುಕೊಂಡಳು.

*

ಮುಸ್ಸಂಜೆಗೆ ಬಾಗಿಲು ತಟ್ಟಿದ ಸದ್ದಾಯಿತು. ಬಾಗಿಲು ತೆರೆಯುವ ಮುನ್ನ ತಾಯಿ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ಕದ ಎಳೆದುಕೊಂಡು ಬಂದಳು.

ಮುಖಂಡ ನಿಂತಿದ್ದ. ಕಣ್ಣು ಕೋಣೆಯನ್ನೆಲ್ಲ ಸುತ್ತಿ ಬಂತು. "ಮಗಳೆಲ್ಲಿ?"

"ಮಣ್ಣಾಗಿತ್ತಲ್ಲ. ಸ್ನಾನಕ್ಕೆ ಹೋಗಿದ್ದಾಳೆ."

ಅವನು ಹೊಸ್ತಿಲ ಬಳಿಯೇ ನಿಂತು ನೀರಿನ ಸದ್ದಿಗೆ ಕಿವಿಗೊಟ್ಟ. "ಬೆಳಿಗ್ಗೆ ನಾನೇ ಬಂದು ಕರ್ಕೊಂಡು ಹೋಗ್ತೀನಿ ಅಂತ ಹೇಳಿ."

"ಆಯ್ತಣ್ಣ."

ಬಾಗಿಲು ಮುಚ್ಚಿದಳು. ಮೆಟ್ಟಿಲಿಳಿಯುವ ಸದ್ದು ಕೇಳಿಸಲಿಲ್ಲ. ಬಾಗಿಲ ಕೆಳಗಿನ ಸಂದಿಯ ಬೆಳಕಿನಲ್ಲಿ ಎರಡು ಪಾದಗಳ ನೆರಳು ಅಲುಗಾಡದೆ ನಿಂತಿತ್ತು.

ಅವಳು ಬಚ್ಚಲ ಕದದ ಮುಂದೆ ಬಂದು ನೆಲದ ಮೇಲೆ ಕುಳಿತಳು. ಒಳಗೆ ಬಕೆಟ್ಟು ತುಂಬಿ ಚೆಲ್ಲುತ್ತಿತ್ತು.

"ನೀರು ತಣ್ಣಗಿದೆಯಾ ಪುಟ್ಟಿ?" ಎಂದಳು ಗಟ್ಟಿಯಾಗಿ. ಸ್ವಲ್ಪ ಹೊತ್ತು ಬಿಟ್ಟು, ಉತ್ತರ ಕೇಳಿಸಿಕೊಂಡವಳಂತೆ ಮತ್ತೆ ಹೇಳಿದಳು: "ಪರವಾಗಿಲ್ಲ. ಬೇಗ ಬೇಗ ಮುಗಿಸು. ತಲೆ ಚೆನ್ನಾಗಿ ಒರೆಸ್ಕೋ, ಶೀತ ಆಗುತ್ತೆ."