ಶ್ರಾವಣದ ಸೊಪ್ಪು

ಬಾಡ ಊರಿನ ಸೀತೆಯ ಮನೆಯಲ್ಲಿ ಶ್ರಾವಣ ಎಂದರೆ ಸೋಮವಾರಗಳು ಮಾತ್ರ. ಉಳಿದ ದಿನ ಒಲೆಯ ಮೇಲೆ ಮೀನಿನ ಸಾರು ಕುದಿಯಲೇಬೇಕು. ಅಂಥ ಮನೆಯಲ್ಲಿ ಈ ವರ್ಷ ತಿಂಗಳಿಡೀ ಮೀನಿನ ವಾಸನೆ ಏಳಲಿಲ್ಲ. ಅದು ಸೀತೆ ಹೊತ್ತ ಹರಕೆ.

ಸೊಸೆ ವಿನುತಾಳ ಹೃದಯದ ಕವಾಟ ಕೆಟ್ಟು, ಮಂಗಳೂರಿನಲ್ಲಿ ಎದೆ ಬಿಚ್ಚಿ ಲೋಹದ ಕವಾಟ ಕೂರಿಸಿದ ದಿನ ಸೀತೆ ಅಮ್ಮನವರ ಗುಡಿಯ ಮುಂದೆ ಸೆರಗೊಡ್ಡಿ ನಿಂತಿದ್ದಳು. "ತಾಯಿ, ಹುಡ್ಗಿ ಎದ್ದು ಬರ್ಲಿ. ಬರೂ ಶ್ರಾವಣ ಪೂರ್ತಿ ಮನೆಗೆ ಮೀನು ತರೂದಿಲ್ಲ. ನೀ ಹಿತ್ಲಲ್ಲಿ ಕೊಟ್ಟ ಸೊಪ್ಪನ್ನೇ ನನ್ನ ಕೈಯಾರೆ ಬೇಯ್ಸಿ ಅವ್ಳಿಗೆ ಬಡಿಸ್ತೆ."

ವಿನುತಾ ಎದ್ದು ಬಂದಳು. ಕೇಳಿದ್ದನ್ನು ಕೊಟ್ಟ ದೇವರಿಗೆ ಆಡಿದ ಮಾತು ತಪ್ಪುವುದುಂಟೇ? ಸೀತೆ ಶ್ರಾವಣಕ್ಕಾಗಿ ಕಾದಳು.

ವಿನುತಾ ಮಾತ್ರ ಬದುಕಿರುವವರೆಗೂ ಒಂದು ಮಾತ್ರೆ ನುಂಗಬೇಕಿತ್ತು, ಕವಾಟದ ಮೇಲೆ ರಕ್ತ ಹೆಪ್ಪುಗಟ್ಟದಂತೆ. ತಿಂಗಳಿಗೊಮ್ಮೆ ಕುಮಟೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ ಬಂದರೆ, ಅದನ್ನು ನೋಡಿ ಡಾಕ್ಟರು ಮಾತ್ರೆಯ ಅಳತೆ ಹೇಳುತ್ತಿದ್ದರು. ಮೀನು-ಅನ್ನದ ಊಟಕ್ಕೆ ಅಳತೆ ಕೂಡಿ ಬಂದು ಎಲ್ಲ ಸಮನಾಗಿ ನಡೆದಿತ್ತು.

ಶ್ರಾವಣ ಬಂತು. ಮಳೆ ಹೊಯ್ದು ಹಿತ್ತಲು ಉಕ್ಕಿತ್ತು. ಒಂದು ದಿನ ಬಸಳೆ, ಮರುದಿನ ಹರಿವೆ, ಆಮೇಲೆ ನುಗ್ಗೆಸೊಪ್ಪು, ತಗಟೆಸೊಪ್ಪು, ನಡುವೆ ಕೆಸುವಿನೆಲೆಯ ಪತ್ರೊಡೆ. ಸೀತೆ ಮಿಂದು, ಒದ್ದೆ ಕೂದಲಲ್ಲೇ ಸೊಪ್ಪು ಕೊಯ್ದು, ಅಮ್ಮನ ಹೆಸರು ಹೇಳುತ್ತ ಹೆಚ್ಚುತ್ತಿದ್ದಳು. ಬಡಿಸುವಾಗ ಸೊಸೆಯ ಬಟ್ಟಲಿಗೆ ಎರಡು ಸೌಟು ಹೆಚ್ಚೇ ಬೀಳುತ್ತಿತ್ತು.

"ಅತ್ತೆ, ನಂಗೆ ಸೊಪ್ಪು ಸ್ವಲ್ಪ ಸಾಕು," ಎಂದಳು ವಿನುತಾ ಒಂದು ಮಧ್ಯಾಹ್ನ. "ದಿನಾ ತಿಂದಷ್ಟೇ ತಿನ್ಬೇಕು, ಒಮ್ಮೆಲೇ ಜಾಸ್ತಿ ಮಾಡೂಕಾಗ ಅಂತ ಡಾಕ್ಟ್ರು ಹೇಳೀರು."

"ಅದು ಉಪ್ಪಿಗೆ ಹೇಳಿದ್ದು, ಎಣ್ಣಿಗೆ ಹೇಳಿದ್ದು. ಸೊಪ್ಪು ಬೇಡ ಅಂಬೂ ಡಾಕ್ಟ್ರು ಎಲ್ಲಿದಾನೆ? ಸೊಪ್ಪು ತಿಂದ್ರೆ ರಕ್ತ ಆಗ್ತದೆ ಮಗಾ."

"ಆ ರಕ್ತದ್ದೇ ಕತೆ ಅತ್ತೆ. ಮಾತ್ರೆ ಮಾಡೂ ಕೆಲ್ಸವ ಸೊಪ್ಪು ಅಳಿಸ್ತದಂತೆ."

"ಮೀನಿಲ್ದೆ ಬಾಯಿ ಸಪ್ಪೆ ಆತು ಅಂತ ನೆಟ್ಟಗೆ ಹೇಳು. ಡಾಕ್ಟ್ರ ಹೆಸ್ರು ಎಂತಕ್ಕೆ?"

ಮಗ ದೇವರಾಜನಿಗೆ ನಗು ಬಂತು. ಲೈನ್‌ಮನ್ ಕೆಲಸ ಅವನದು. ಕಂಬ ಹತ್ತಿಳಿದು ಹಸಿದು ಬಂದಿದ್ದ. "ಅವ್ವಿಯ ಹರಕೆಗೆ ಅಡ್ಡ ಬರ್ಬೇಡ ಮಾರಾಯ್ತಿ. ನಾನೇ ಬಾಯ್ಮುಚ್ಕಂಡು ಹುಲ್ಲು ಮೇಯ್ತಾ ಇಲ್ವ?"

ಸೀತೆಯೂ ನಕ್ಕಳು. ಕೊನೆಗೆ ವಿನುತಾಳೂ ನಕ್ಕು, ಅನ್ನಕ್ಕೆ ಬಸಳೆ ಕಲಸಿಕೊಂಡಳು. ಆಮೇಲೆ ಅವಳು ಆ ಮಾತು ಎತ್ತಲಿಲ್ಲ.

ರಕ್ತ ಪರೀಕ್ಷೆಯ ದಿನ ಬಂದಾಗ ಗಾಳಿಮಳೆಗೆ ಮರಗಳು ತಂತಿಯ ಮೇಲೆ ಬಿದ್ದು ದೇವರಾಜನಿಗೆ ಉಸಿರು ಬಿಡಲು ಪುರುಸೊತ್ತಿರಲಿಲ್ಲ. "ಬಸ್ಸಿಗೆ ನಾನೇ ಹೋಗಿ ಬತ್ತೆ," ಎಂದು ವಿನುತಾ ಕೊಡೆ ತೆಗೆದಳು.

"ಈ ಮಳೇಲಿ ನೆನೆದು ಜ್ವರ ತರೂಕಾ?" ಸೀತೆ ಕೊಡೆ ಕಸಿದು ಮೂಲೆಗಿಟ್ಟಳು. "ಚೌತಿ ಮುಗೀಲಿ. ಅಮ್ಮ ಕಾಯ್ತಾ ಇದ್ದಾಳೆ, ನಿಂಗೆ ಎಂತದೂ ಆಗೂದಿಲ್ಲ."

ಚೌತಿಯ ಹಿಂದಿನ ದಿನ ಅತ್ತೆ-ಸೊಸೆ ಚಕ್ಕುಲಿಗೆ ಕೂತಿದ್ದರು. ವಿನುತಾಳ ಕೈಯಿಂದ ಚಕ್ಕುಲಿ ಒತ್ತುವ ಒರಳು ಜಾರಿ ಹಿಟ್ಟಿನ ಮೇಲೆ ಬಿತ್ತು. "ಎಂತ ಆತೇ?" ಎಂದು ಸೀತೆ ತಿರುಗಿದರೆ ಸೊಸೆಯ ಬಾಯಿ ಒಂದು ಕಡೆಗೆ ಎಳೆದಿತ್ತು, ಕಣ್ಣು ಮಾತ್ರ ತನ್ನನ್ನೇ ನೋಡುತ್ತಿತ್ತು. ಬಾಣಲೆಯಲ್ಲಿ ಚಕ್ಕುಲಿ ಬೇಯುತ್ತಲೇ ಇತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಊಟದ ಬಗ್ಗೆ ಕೇಳಿದರು. ಸೀತೆ ಮುಚ್ಚಿಡದೆ ಹೇಳಿದಳು.

"ಸೊಪ್ಪು ವಿಷ ಅಲ್ಲಮ್ಮಾ," ಎಂದರು ಅವರು. "ಊಟ ಒಮ್ಮೆಲೇ ಬದಲಾಯ್ತು, ಮಾತ್ರೆ ಇದ್ದಷ್ಟೇ ಇತ್ತು. ರಕ್ತ ಪರೀಕ್ಷೆ ಮಾಡ್ಸಿದ್ರೆ ಗೊತ್ತಾಗ್ತಿತ್ತು. ಕವಾಟದಲ್ಲಿ ಹೆಪ್ಪುಗಟ್ಟಿ ಮಿದುಳಿಗೆ ಹೋಗಿದೆ. ಮುಂದೆಯೂ ಸೊಪ್ಪು ಪೂರ್ತಿ ಬಿಡಿಸ್ಬೇಡಿ. ಸ್ವಲ್ಪ ಕೊಡಿ, ದಿನಾ ಒಂದೇ ಸಮ ಕೊಡಿ."

ಹೊರಗೆ ಬಂದ ಮೇಲೆ ದೇವರಾಜ ಗೋಡೆ ನೋಡುತ್ತ, "ಅವ್ಳು ಹೇಳಿದ್ಳಲ್ಲ ಅವ್ವಿ," ಎಂದ.

ನೀನೂ ನಗ್ಯಾಡಿದ್ದೆ ಎನ್ನಬಹುದಿತ್ತು ಸೀತೆ. ಅನ್ನಲಿಲ್ಲ. ನಕ್ಕವನಿಗಿಂತ ಬಡಿಸಿದವಳ ಪಾಲು ದೊಡ್ಡದೆಂದು ಅವಳಿಗೆ ಗೊತ್ತಿತ್ತು.

ವಿನುತಾ ಮನೆಗೆ ಬಂದಳು. ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಮಾತು ಹೋಗಿತ್ತು, ತಿಳಿವು ಇತ್ತು. ಸೀತೆ ಗಂಜಿಗೆ ಒಂದು ಹಿಡಿ ಹರಿವೆ ಹಾಕಿ ನುಣ್ಣಗೆ ಬೇಯಿಸಿ, ಆರಿಸಿ, ಚಮಚ ತುಂಬಿ ಬಾಯಿಯ ಹತ್ತಿರ ಒಯ್ದಳು. ಸೊಸೆ ತುಟಿ ಬಿಗಿದಳು. ಗಂಜಿ ಗಲ್ಲದ ಮೇಲೆ ಇಳಿಯಿತು. ಸೀತೆ ಸೆರಗಿನಿಂದ ಒರಸಿ ಮತ್ತೆ ಒಯ್ದಳು. ವಿನುತಾ ಎಡಗೈ ಎತ್ತಿ ಚಮಚ ತಳ್ಳಿ, ಗೋಡೆಯ ಕಡೆ ಮುಖ ಮಾಡಿದಳು.

ಪಕ್ಕದ ಮನೆಯ ಲಕ್ಕಿ ನೋಡಲು ಬಂದವಳು ಬಟ್ಟಲು ತೆಗೆದುಕೊಂಡು, "ಬಾ ಮಗಾ, ನಾ ಕೊಡ್ತೆ," ಎಂದಳು. ವಿನುತಾ ಬಟ್ಟಲನ್ನೂ ಅತ್ತೆಯನ್ನೂ ನೋಡಿ ಮತ್ತೆ ತುಟಿ ಬಿಗಿದಳು. ಲಕ್ಕಿಗೆ ಏನು ಹೊಳೆಯಿತೋ, ತನ್ನ ಮನೆಗೆ ಹೋಗಿ ತನ್ನ ಒಲೆಯ ಗಂಜಿ ತಂದಳು. ಅದನ್ನು ವಿನುತಾ ಉಂಡಳು.

ಸೀತೆ ದೇವರ ಮುಂದೆ ಕೂತಳು. ಅಮ್ಮ ಸೊಪ್ಪು ಕೇಳಿರಲಿಲ್ಲ. ಮೀನು ಬಿಡು ಎಂದೂ ಹೇಳಿರಲಿಲ್ಲ. ಕೊಡುತ್ತೇನೆಂದು ಹೇಳಿದ್ದು ತಾನು. ಕೊಟ್ಟದ್ದು ಬೇರೆಯವಳ ಮೈಯಿಂದ. ಸೊಸೆಗೆ ಮಾತು ಕೊಡು ತಾಯಿ ಎಂದು ಬಾಯಿತನಕ ಬಂತು. ಅದರ ಬದಲಿಗೆ ಏನು ಕೊಡಲಿ ಎಂಬುದೂ ಅದರ ಹಿಂದೆಯೇ ಬಂತು. ಹೆದರಿ, ಕೇಳದೆ ಎದ್ದಳು.

ಲಕ್ಕಿಯದೂ ಕೂಲಿಯ ಬದುಕು. ದಿನವೂ ಅಳತೆ ಹಿಡಿದು ಇನ್ನೊಬ್ಬರ ಮನೆಗೆ ಬೇಯಿಸಿ ಕೊಡಲು ಅವಳಿಗೆ ಸಾಧ್ಯವಿರಲಿಲ್ಲ. ತಾನು ಬೇಯಿಸಿದ್ದನ್ನು ನಿನ್ನದೆಂದು ಉಣಿಸು ಎಂದು ಸೀತೆಯೇ ಅವಳ ಕೈ ಹಿಡಿದು ಕೇಳಿಕೊಂಡಳು.

ಅಂದಿನಿಂದ ಸೀತೆ ತನ್ನ ಒಲೆಯಲ್ಲಿ ಬೇಯಿಸುತ್ತಾಳೆ. ದಿನವೂ ಅಷ್ಟೇ ಅಕ್ಕಿ, ಅದೇ ಒಂದು ಹಿಡಿ ಸೊಪ್ಪು. ಲಕ್ಕಿ ತನ್ನ ಮನೆಯ ಬಟ್ಟಲು ತಂದು ಹಿತ್ತಲ ಬಾಗಿಲಲ್ಲಿ ಗಂಜಿ ತುಂಬಿಸಿಕೊಳ್ಳುತ್ತಾಳೆ. ಬೇಲಿ ಸುತ್ತಿ, ಅಂಗಳ ಹಾದು, ಮುಂಬಾಗಿಲಿನಿಂದ, "ಮಗಾ, ಗಂಜಿ ತಂದೆ ಕಾಣು," ಎನ್ನುತ್ತ ಒಳಗೆ ಬರುತ್ತಾಳೆ. ಆ ಹೊತ್ತಿಗೆ ಸೀತೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದೂ ಮಾಡುವುದಿಲ್ಲ.

ದೀಪಾವಳಿ ಕಳೆದು ಚಳಿ ಬಿದ್ದ ಒಂದು ಬೆಳಿಗ್ಗೆ ಲಕ್ಕಿ ಖಾಲಿ ಬಟ್ಟಲು ಹಿಡಿದು ಹಿತ್ತಲಿಗೆ ಓಡಿ ಬಂದಳು. "ಸೀತಕ್ಕ, ಮಾತಾಡ್ದಳೇ! ಗಂಜಿ ಚಲೋ ಅದೆ ಅಂದ್ಳು. ನನ್ನ ಕೈ ಹಿಡ್ದು ಹೇಳ್ದಳು."

"ಹೌದಾ," ಎಂದಳು ಸೀತೆ. "ನೀ ಎಂತ ಹೇಳ್ದೆ?" ಎಂದು ಕೇಳಿದಳು.

"ನಾ ಎಂತ ಹೇಳೂದು? ನನ್ನ ಅಬ್ಬೆ ಹೇಳ್ಕೊಟ್ಟದ್ದು ಅಂದೆ."

"ಚಲೋ ಆತು," ಎಂದು ಸೀತೆ ಬಟ್ಟಲು ಇಸಿದುಕೊಂಡು ತೊಳೆಯಲು ಕೂತಳು.