ಪುಸ್ತಕದೊಳಗಿನ ಪೋಲೆ

ಇವ್ಲಿನ್‌ಳ ಅಮ್ಮ ಊರಿನಲ್ಲಿ, ಶಿರ್ವದಲ್ಲಿ, ತೀರಿಕೊಂಡ ಸುದ್ದಿ ಒಮಾನಿನ ರೂವಿಯಲ್ಲಿದ್ದ ಅವಳಿಗೆ ಮುಟ್ಟಿದ್ದು 1987ರ ಮಾರ್ಚ್‌ನಲ್ಲಿ, ಇಗರ್ಜಿಯಲ್ಲಿ ಅಂತ್ಯಕ್ರಿಯೆಯೆಲ್ಲ ಮುಗಿದ ಮೇಲೆ. ಕೆಳಮನೆಯ ಬೀ ಶಮ್ಸಾ ಮೆಟ್ಟಿಲು ಹತ್ತಿ ಬಂದು ಅವಳ ಕೈ ಹಿಡಿದುಕೊಂಡರು.

"ಪೋಲೆ, ಮಗಳೇ, ಪೋಲೆ."

ಬಟ್ಟೆ ಹೊಲಿದು ಬದುಕುತ್ತಿದ್ದ ಶಮ್ಸಾ ಹುಟ್ಟಿದ್ದು ಜಂಜಿಬಾರಿನಲ್ಲಿ; ಹಿರಿಯ ಹೆಂಗಸರನ್ನು ಅಲ್ಲಿ ಗೌರವದಿಂದ 'ಬೀ' ಅನ್ನುತ್ತಾರೆ. ಅಪ್ಪ ಒಮಾನಿ, ತಾಯಿ ಆಫ್ರಿಕಾದವಳು. 1964ರ ದಂಗೆಯಲ್ಲಿ ಗಂಡ ಖಲ್ಫಾನ್‌ರನ್ನು ಯಾರೋ ಮನೆಯಿಂದ ಎಳೆದುಕೊಂಡು ಹೋದರು. ಹೆಣ ಸಿಗಲಿಲ್ಲ. ಆಮೇಲೆ ಅವರು ಅಪ್ಪನ ನಾಡಿಗೆ ಬಂದರು. ಜಂಜಿಬಾರಿನ ಭಾರತೀಯರ ಅಂಗಡಿಗಳಲ್ಲಿ ಕಲಿತ ಮುರುಕು ಹಿಂದಿಯಲ್ಲಿ ಅವರು ಇವ್ಲಿನ್‌ಗೆ ವಿವರಿಸಿದರು: ಎಡವಿ ಬಿದ್ದವರಿಗೂ, ಗಂಡನನ್ನು ಕಳಕೊಂಡವಳಿಗೂ ಸ್ವಾಹಿಲಿಯಲ್ಲಿ 'ಪೋಲೆ' ಅನ್ನುತ್ತಾರೆ. ನಿನ್ನ ನೋವು ನನಗೆ ಗೊತ್ತು ಎಂದು ಅರ್ಥ. ಎರಡು ಸಲ ಸೇರಿಸಿ ಹೇಳಿದರೆ 'ನಿಧಾನ' ಎಂಬ ಅರ್ಥವೂ ಉಂಟು. ಯಾವಾಗ ಯಾವುದೆಂದು ಎದುರಿಗಿದ್ದವರ ಮುಖ ನೋಡಿದರೆ ಸಾಕು.

ಮರುವರ್ಷ ಇಂಗ್ಲೆಂಡಿನ ಪ್ರೊಫೆಸರ್ ಒಬ್ಬರು ರೂವಿಗೆ ಬಂದರು. ಒಮಾನಿನಲ್ಲಿ ನೆಲೆಸಿದ ಆಫ್ರಿಕಾ ಮೂಲದವರ ಬಗ್ಗೆ ಅವರು ಬರೆಯುತ್ತಿದ್ದ ಪುಸ್ತಕದ ಟೈಪಿಂಗ್ ಇವ್ಲಿನ್‌ಗೆ ಸಿಕ್ಕಿತು. ಬೀ ಶಮ್ಸಾರನ್ನು ಪರಿಚಯಿಸಿದ್ದೂ ಅವಳೇ.

"ಎಂತ ಮಾರಾಯ್ತಿ, ಪುನಃ ಆ ಕಾಪ್ರಿ ಹೆಂಗಸಿನ ಮನೆಗಾ?" ಎಂದು ಗಂಡ ಲಿಗೋರಿ ಕೆಣಕಿದ. ಊರಿನಲ್ಲಿ ಕಪ್ಪು ಜನರನ್ನೆಲ್ಲ ಕರೆಯುವ ಹೆಸರು ಅದು.

"ಅವರಿಗೆ ಹೆಸರಿಲ್ವಾ? ನಿಮ್ಮ ಬಣ್ಣವನ್ನು ಒಮ್ಮೆ ಕನ್ನಡಿಯಲ್ಲಿ ನೋಡಿ ಮಾರಾಯ್ರೇ," ಎಂದಳು ಇವ್ಲಿನ್. ಮದುವೆಯಾದ ಹೊಸತರಲ್ಲಿ ತಾನೂ ಅದೇ ಮಾತಾಡುತ್ತಿದ್ದುದು ನೆನಪಾಗಿ ಚಪ್ಪಲಿ ಮೆಟ್ಟಿ ಹೊರಟಳು.

ಶಮ್ಸಾ ಟೇಪ್ ರೆಕಾರ್ಡರಿನ ಮುಂದೆ ಎಲ್ಲವನ್ನೂ ಹೇಳಿದರು. ಗಂಡನನ್ನು ಒಯ್ದ ರಾತ್ರಿ ಅಕ್ಕಪಕ್ಕದ ಹೆಂಗಸರು 'ಪೋಲೆ, ಪೋಲೆ' ಅನ್ನುತ್ತ ಬೆಳಗಿನವರೆಗೆ ತನ್ನ ಜೊತೆ ಕೂತಿದ್ದನ್ನೂ ಹೇಳಿದರು. ಅವರು ಕೇಳಿದ್ದು ಒಂದೇ: "ಖಲ್ಫಾನ್‌ಗೆ ಗೋರಿಯಿಲ್ಲ. ಅವರ ಹೆಸರು ಎಲ್ಲಿಯಾದರೂ ಇರಲಿ. ಪುಸ್ತಕದಲ್ಲಿ ಇರಲಿ."

ಪ್ರೊಫೆಸರ್ ಆಗಲಿ ಎಂಬಂತೆ ತಲೆಯಾಡಿಸಿದರು.

ಟೈಪ್ ಮಾಡಲು ಬಂದ ಪುಟಗಳಲ್ಲಿ ಖಲ್ಫಾನ್ ಇರಲಿಲ್ಲ. 'ಗಂಡನನ್ನು ಕಳೆದುಕೊಂಡ ರಾತ್ರಿಯೂ ಈ ಹೆಂಗಸರು ಪರಸ್ಪರ ಹೇಳುವುದು ನಿಧಾನ, ನಿಧಾನ ಎಂದು. ಆಫ್ರಿಕನ್ನರಿಗೆ ಸಮಯದ ಪರಿವೆ ಇಲ್ಲ. ಮಕ್ಕಳಂತೆ ಅವರ ದುಃಖವೂ ಬೇಗ ಕರಗುತ್ತದೆ' ಎಂದಿತ್ತು.

ಇವ್ಲಿನ್ ಹಾಳೆ ಹಿಡಿದು ಪ್ರೊಫೆಸರರ ಕೋಣೆಗೆ ಹೋದಳು. "ಸರ್, ಇಲ್ಲಿ ಪೋಲೆ ಅಂದರೆ ನಿಧಾನ ಅಲ್ಲ. ಸಂತಾಪ."

ಅವರು ಕೋಪಿಸಿಕೊಳ್ಳಲಿಲ್ಲ, ಕಪಾಟಿನಿಂದ ಮೂರು ಹಳೆಯ ಪುಸ್ತಕ ತೆಗೆದಿಟ್ಟರು. "ಪದಕ್ಕೆ ಎರಡೂ ಅರ್ಥ ಇರಬಹುದು. ಆದರೆ ಸ್ವಭಾವ? ಇವರೆಲ್ಲ ಇದನ್ನೇ ಬರೆದಿದ್ದಾರೆ."

ಆ ಪುಸ್ತಕಗಳನ್ನು ಉಲ್ಲೇಖಿಸಿದ ಅಡಿಟಿಪ್ಪಣಿಗಳನ್ನು ಟೈಪ್ ಮಾಡಿದ್ದೂ ಇವ್ಲಿನ್‌ಳೇ. ಮೂರನೆಯವನು ಎರಡನೆಯವನನ್ನು ನಂಬಿದ್ದ, ಎರಡನೆಯವನು ಮೊದಲನೆಯವನನ್ನು. ಮೊದಲನೆಯವನು ಎರಡು ವಾರ ಬಂದರಿನಲ್ಲಿದ್ದು ಹೋದ ಹಡಗಿನ ಕಪ್ತಾನ.

"ಖಲ್ಫಾನ್‌ರ ಹೆಸರು, ಸರ್?"

"ನಾವು ಹೆಸರು ಹಾಕುವುದಿಲ್ಲ, ಇವ್ಲಿನ್. ಅದು ಪದ್ಧತಿ."

ಹೆಸರು ಬಾರದೆಂದು ಬೀ ಶಮ್ಸಾರಿಗೆ ಹೇಳಬೇಕೆಂದು ಅವಳು ಎಷ್ಟೋ ಸಲ ಮೆಟ್ಟಿಲಿಳಿದಳು. ಹೇಳದೆ, ಚಹಾ ಕುಡಿದು ಮರಳಿದಳು.

1991ರಲ್ಲಿ ಪುಸ್ತಕ ಅಂಚೆಯಲ್ಲಿ ಬಂತು; ಇವ್ಲಿನ್ ಅದನ್ನು ಕೆಳಮನೆಗೆ ಒಯ್ದಳು. ಶಮ್ಸಾ ಹೊಲಿಗೆಯಂತ್ರ ಬದಿಗೆ ಸರಿಸಿ, ಕೈ ತೊಳೆದು ಅದನ್ನು ಮಡಿಲಲ್ಲಿ ಇಟ್ಟುಕೊಂಡರು. ಅವರಿಗೆ ಇಂಗ್ಲಿಷ್ ಬಾರದು. ಆದರೆ ಸ್ವಾಹಿಲಿ ಬರೆಯುವುದೂ ಅದೇ ಅಕ್ಷರಗಳಲ್ಲಿ. ಪುಟ ತಿರುವುತ್ತ ತಿರುವುತ್ತ ಬೆರಳು ಒಂದು ಕಡೆ ನಿಂತಿತು.

"ಪೋಲೆ! ನೋಡು, ನನ್ನ ಮಾತು!" ಮುಖ ಅರಳಿತು. "ಹಾಗಾದರೆ ಖಲ್ಫಾನ್ ಇಲ್ಲೇ ಹತ್ತಿರ ಇರಬೇಕು. ಕಣ್ಣು ಮಂಜು, ನೀನು ಹುಡುಕು."

"ಇಲ್ಲ, ಬೀ ಶಮ್ಸಾ. ಹೆಸರು ಹಾಕಿಲ್ಲ."

"ಮತ್ತೆ ಏನು ಬರೆದಿದ್ದಾರೆ ಇಲ್ಲಿ?"

ಇವ್ಲಿನ್ ಇದ್ದದ್ದನ್ನು ಇದ್ದ ಹಾಗೆ ಹಿಂದಿಯಲ್ಲಿ ಹೇಳಿದಳು. ಬೀ ಶಮ್ಸಾ ಪುಸ್ತಕ ಮುಚ್ಚಿ, ಅದರ ಮೇಲೆ ಅಂಗೈ ಊರಿ ಕೂತರು.

"ಪೋಲೆ," ಎಂದಳು ಇವ್ಲಿನ್, ಅವರ ಇನ್ನೊಂದು ಕೈ ಹಿಡಿದು. "ಪೋಲೆ, ಬೀ ಶಮ್ಸಾ."

ಅವರು ತಲೆಯೆತ್ತಿ ಕೇಳಿದರು: "ಯಾವುದು, ಮಗಳೇ? ನಮ್ಮದಾ, ಪುಸ್ತಕದ್ದಾ?"

'ನಿಮ್ಮದು' ಅನ್ನಲು ಹೋದ ಇವ್ಲಿನ್‌ಗೆ ಆ ಪುಟವನ್ನು ಟೈಪ್ ಮಾಡಿದ್ದು ತಾನೇ ಎಂಬುದು ನೆನಪಾಯಿತು.