ಈಶ್ವರಪ್ಪನ ಒನ್ಸ್ ಮೋರ್

"ಇವತ್ತೊಂದಿನ ಸುಮ್ಮ ಕೂಡ್ರಿ. 'ಒನ್ಸ್ ಮೋರ್' ಅಂತ ಒದರಿದ್ರ ನಾ ಸ್ಟೇಜ್ ಮ್ಯಾಲೇ ಸತ್ತ ಹೋಗ್ತೀನಿ," ಎಂದಳು ಜಯಶೀಲಾ, ಬರ್ಲಿಂಗ್ಟನ್ನಿನ ಚರ್ಚ್ ಹಾಲಿನ ಹಿಂಬಾಗಿಲಲ್ಲಿ ಗಂಡನ ಮಫ್ಲರ್ ಸರಿಪಡಿಸುತ್ತ.

"ಆತ್ ಬಿಡು, ಪ್ರಾಮಿಸ್," ಎಂದ ಈಶ್ವರಪ್ಪ.

ನಂಬುವುದು ಕಷ್ಟವೇ. ಹುಬ್ಬಳ್ಳಿಯ ಕಂಪನಿ ನಾಟಕ ನೋಡಿ ಬೆಳೆದವನು. ಹಾಡು ಹಿಡಿಸಿದರೆ ಬಾಯಿ ಮುಚ್ಚಿಕೊಂಡು ಕೂರುವುದು ಪಾಪವೆಂದೇ ತಿಳಿದವನು. ಕಾಲೇಜಿನ ಗ್ಯಾದರಿಂಗಿನಲ್ಲಿ ಹಿಂದಿನ ಸಾಲಿನಿಂದ ಹಾಗೆ ಒದರಿಯೇ ಅವಳನ್ನು ಗೆದ್ದಿದ್ದ. ಆಮೇಲೆ ಪರದೇಶ, ಮೆಡೋವೇಲಿನ ಆಫೀಸು, ಮಕ್ಕಳು ಅಂತ ಅವಳ ಹಾಡು ಮೂಲೆ ಸೇರಿತು. ಈಗ ನಿವೃತ್ತಿಯ ಮೇಲೆ ಈ ಹವ್ಯಾಸಿ ತಂಡ, ಒಪೆರಾದಲ್ಲಿ ಒಂಟಿಯಾಗಿ ಹಾಡಲು ಒಂದೇ ಒಂದು ಸಾಲು. ಗಂಟಲು ಇನ್ನೂ ಉಳಿದಿದೆಯೋ ಇಲ್ಲವೋ, ಇವತ್ತು ಗೊತ್ತಾಗಬೇಕಿತ್ತು.

ಒಪೆರಾ ಬರೆದದ್ದು ಕಳೆದ ಶತಮಾನದಲ್ಲಿ, ತೊಟ್ಟ ವೇಷ ಮಾತ್ರ ಅದಕ್ಕೂ ಹಳೆಯ ಕಾಲದ್ದು. ಹಳ್ಳಿಯ ಹುಡುಗ ಸೈತಾನನ ಮಾತು ಕೇಳಿ ಪಟ್ಟಣ ಸೇರಿ ಹಾಳಾಗುತ್ತಾನೆ. ಪ್ರೀತಿಸಿದವಳು ಹುಡುಕಿ ಕರೆತರುತ್ತಾಳೆ. "ನಮ್ಮ ಕಂಪನಿ ನಾಟಕದ ಕತೀನ ಇದು, ಹಾರ್ಮೋನಿಯಂ ಒಂದಿಲ್ಲ," ಎಂದು ಈಶ್ವರಪ್ಪ ಮೊದಲೇ ತೀರ್ಪು ಕೊಟ್ಟಿದ್ದ.

ಕೊನೆಯ ದೃಶ್ಯ. ಕೆಟ್ಟು ಕೆರ ಹಿಡಿದ ಹುಡುಗ ಮನೆಯೆದುರು ನಿಂತಿದ್ದಾನೆ, ಒಳಗೆ ಬರಲು ಮುಖವಿಲ್ಲ. ವಾದ್ಯಗಳೆಲ್ಲ ನಿಂತವು. ಅವನ ತಾಯಿಯ ವೇಷದ ಜಯಶೀಲಾ, "ಬಾಗಿಲು ತೆರೆದೇ ಇದೆ, ಬಾ" ಎಂಬ ಇಂಗ್ಲಿಷ್ ಸಾಲು ಹಾಡಿದಳು. ದನಿ ಮೊದಲು ನಡುಗಿತು, ಆಮೇಲೆ ಏರಿತು.

ಹಾಲಿನಲ್ಲಿ ಯಾರೂ ಪಿಟ್ಟೆನ್ನಲಿಲ್ಲ. ಕತ್ತಲಲ್ಲಿ ಕೂತ ಈಶ್ವರಪ್ಪನೂ ಒದರಲಿಲ್ಲ. ಒದರಬೇಡವೆಂದು ತಾನೇಕೆ ಹೇಳಿದೆನೋ ಅನ್ನಿಸಿತು ಅವಳಿಗೆ. ಕೆಟ್ಟ ಮೇಲೆ ಬುದ್ಧಿ ಬಂತೆನ್ನುವುದು ಆ ಹುಡುಗನಿಗಿಂತ ಅವಳಿಗೇ ಸರಿಹೋಯಿತು. ಕೊನೆಯ ಚಪ್ಪಾಳೆ ಎಲ್ಲರಿಗೂ ಸೇರಿದ್ದು. ಅದರಲ್ಲಿ ತನ್ನ ಪಾಲೆಷ್ಟೆಂದು ಯಾರು ಹೇಳಬೇಕು?

ಹೊರಗೆ ಪಾರ್ಕಿಂಗಿನಲ್ಲಿ ಹಿಮ ಬೀಳುತ್ತಿತ್ತು. ಈಶ್ವರಪ್ಪ ಅವಳಿಗಾಗಿ ಕಾರಿನ ಬಾಗಿಲು ತೆಗೆದು ನಿಂತ.

"ಯಾಕ ಒದರ್ಲಿಲ್ರಿ? ಚಲೋ ಇರ್ಲಿಲ್ಲೇನು?"

ಅವನು ಮಫ್ಲರಿನ ತುದಿ ಎತ್ತಿ ತೋರಿಸಿದ. ಹಲ್ಲಿನಲ್ಲಿ ಕಡಿದು ಕಡಿದು ಒದ್ದೆಯಾಗಿ, ಉಣ್ಣೆ ಎಳೆಎಳೆಯಾಗಿ ಬಿಚ್ಚಿಕೊಂಡಿತ್ತು.

"ಪ್ರಾಮಿಸ್ ಮಾಡಿದ್ನಲ್ಲ, ಮಾರಾಯ್ತಿ! ಜೀವಾನ ಹೋಗಿತ್ತು."

"ಪ್ರಾಮಿಸ್ ಹಾಲಿನ ಒಳಗಷ್ಟ," ಎಂದಳು ಜಯಶೀಲಾ.

"ಒನ್ಸ್ ಮೋರ್!" ಇಡೀ ಪಾರ್ಕಿಂಗ್ ಬೆಚ್ಚಿತು. ಪಕ್ಕದಲ್ಲಿ ಕಾರಿನ ಗಾಜಿನ ಹಿಮ ಕೆರೆಯುತ್ತಿದ್ದ ಒಪೆರಾದ ಸೈತಾನ, ಕಾಡಿಗೆ ಮೆತ್ತಿದ ಕಣ್ಣರಳಿಸಿ ನಕ್ಕು, ಅವಳಿಗೆ ಶ್ರುತಿ ಹಿಡಿದ.

ಜಯಶೀಲಾ ಹಾಡಿದಳು. ತೆರೆದ ಬಾಗಿಲಿನಿಂದ ಸೀಟಿನ ಮೇಲೆ ಹಿಮ ಬೀಳುತ್ತಲೇ ಇತ್ತು.